ಕಪ್ತಾನನ ಪೌರತ್ವ

ವಾಣಿಜ್ಯ ಹಡಗಿನ ಕಪ್ತಾನನು ಯಾವ ದೇಶದ ಪ್ರಜೆಯಾಗಿರಬೇಕು? ಕಡಲಿನಿಂದ ದೂರವಿರುವ ನಮ್ಮ ವಾಚಕರಲ್ಲಿ ಕೆಲವರಿಗೆ ಈ ಪ್ರಶ್ನೆಯು ನೀರಸವೆಂದು ತೋರಬಹುದು. ಆದರೆ ಭಾರತದ ಸಾವಿರಾರು ಮಂದಿ ಅಧಿಕಾರಿಗಳು ಅನ್ಯದೇಶಗಳ ಧ್ವಜದಡಿಯಲ್ಲಿ ದುಡಿಯುತ್ತಿರುವಾಗ ನಾವು ಇದನ್ನು ಅಲಕ್ಷಿಸುವಂತಿಲ್ಲ.

ಅಮೆರಿಕದ ಕಾಯಿದೆಯು ಕಟ್ಟುನಿಟ್ಟಾದುದು. ಅಲ್ಲಿ ದಾಖಲಾದ ಹಡಗುಗಳ ಕಪ್ತಾನನೂ ಮುಖ್ಯ ಇಂಜಿನಿಯರನೂ ಆ ದೇಶದ ಪ್ರಜೆಗಳೇ ಆಗಿರಬೇಕು. ಸ್ಪೇನ್ ದೇಶವೂ 1992ರ ಶಾಸನದಿಂದ ಕಪ್ತಾನನ ಮತ್ತು ಅವನ ಮುಖ್ಯ ಸಹಾಯಕನ ಹುದ್ದೆಗಳನ್ನು ತನ್ನವರಿಗೆ ಮೀಸಲಿಟ್ಟಿತು. ನಡುಗಡಲಿನಲ್ಲಿ ಶಾಂತಿಪಾಲನೆ, ಜನನಮರಣಗಳ ದಾಖಲೆ ಮೊದಲಾದ ಸರ್ಕಾರದ ಅಧಿಕಾರಗಳು ಕಪ್ತಾನನಲ್ಲಿರುವುದರಿಂದ ಪರಕೀಯನಿಗೆ ಆ ಸ್ಥಾನ ಸಲ್ಲದೆಂಬುದು ಅದರ ವಾದ. ಐರೋಪ್ಯ ನ್ಯಾಯಾಲಯವು 2003ರ ಸೆಪ್ಟೆಂಬರ್ 30ರಂದು ಈ ವಾದಕ್ಕೆ ಮೇರೆ ಹಾಕಿತು. ಆ ಅಧಿಕಾರಗಳನ್ನು ಕಪ್ತಾನನು ವಾಡಿಕೆಯಾಗಿ ಚಲಾಯಿಸುತ್ತಿರಬೇಕು, ಅವು ಅವನ ಕೆಲಸದ ಅತ್ಯಲ್ಪ ಭಾಗವಾಗಿರಕೂಡದು. ಹಾಗಿದ್ದಲ್ಲಿ ಮಾತ್ರ ಒಕ್ಕೂಟದ ಇತರ ರಾಷ್ಟ್ರಗಳ ಪ್ರಜೆಗಳನ್ನು ಹೊರಗಿಡಬಹುದೆಂದು ತೀರ್ಪಿತ್ತಿತು. ಎಂದೋ ಒಮ್ಮೆ ಬಳಸುವ ಅಧಿಕಾರವನ್ನು ಮುಂದೊಡ್ಡಿ ಅರ್ಹನ ಅನ್ನವನ್ನು ಕಸಿಯುವುದು ನ್ಯಾಯವಲ್ಲವೆಂದು ನಾವೂ ಭಾವಿಸುತ್ತೇವೆ. ಆದರೆ ಈ ತೀರ್ಪಿನ ಫಲವು ಒಕ್ಕೂಟದವರಿಗೇ ಹೊರತು ನಮ್ಮವರಿಗಲ್ಲ.

ಹೊರಗಿಡಿಸಿಕೊಂಡವರ ನೋವನ್ನು ನಾವು ಬಲ್ಲೆವು. ಪರಕೀಯ ಆಳ್ವಿಕೆಯಲ್ಲಿ ಖಲಾಸಿಯಾಗಿ ಬೆವರು ಸುರಿಸಲು ಭಾರತೀಯನು ಬೇಕಾಗಿದ್ದನು. ಅಧಿಕಾರಿಯಾಗುವ ಮಾತು ಬಂದೊಡನೆ ಅವನಿಗೆ ಯೋಗ್ಯತೆಯಿಲ್ಲವೆನ್ನುತ್ತಿದ್ದರು. ನೀರಿಗೆ ಇಳಿಯಗೊಡದೆ ಈಜು ಬಾರದವನೆಂದು ಹಳಿದಂತಾಯಿತು! 1919ರಲ್ಲಿ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಹಡಗೇನೋ ನಮ್ಮದಾಗಿತ್ತು. ಹಡಗು ನಡೆಸುವ ಅಧಿಕಾರಿಗಳನ್ನು ಸಿದ್ಧಪಡಿಸಲು ‘ಡಫರಿನ್’ ಎಂಬ ತರಬೇತಿನ ಹಡಗು ಮುಂಬಯಿಯಲ್ಲಿ ಆರಂಭವಾದುದು 1927ರಲ್ಲಿ. ನಮ್ಮ ತರುಣರಿಗೆ ದಾರಿ ತೆರೆದುದು ವಿದ್ಯೆಯೇ.

ನಮ್ಮ ಧ್ವಜದ ಹಡಗನ್ನು ನಮ್ಮವನೇ ನಡೆಸಲೆಂಬ ಆಶೆ ಸಹಜವಾದುದು. ಆದರೆ ಬರಿಯ ಮೀಸಲಾತಿಯಿಂದ ಕಪ್ತಾನನು ಹುಟ್ಟಲಾರನು. ಸಮುದ್ರದಲ್ಲಿ ನಿಯತಕಾಲ ಸೇವೆ ಸಲ್ಲಿಸದವನಿಗೆ ಯೋಗ್ಯತಾಪತ್ರವೇ ಇಲ್ಲ. ತರಗತಿಯ ಪಾಠ ಮುಗಿಸಿದ ಪ್ರತಿಯೊಬ್ಬ ಕೆಡೆಟ್ಟಿಗೂ ಹಡಗಿನ ಮೇಲೆ ಸ್ಥಳ ದೊರೆಯುವಂತೆ ಮಾಡುವುದು ಸರ್ಕಾರದ ಮತ್ತು ಹಡಗಿನ ಒಡೆಯರ ಕರ್ತವ್ಯ. ಇತ್ತ ಇದನ್ನು ನೆರವೇರಿಸಿ, ಅತ್ತ ಪರದೇಶಗಳಲ್ಲಿ ನಮ್ಮವರ ಅರ್ಹತೆಗೆ ಮನ್ನಣೆ ಕೇಳಲಿ. ನಮ್ಮ ಮನೆಯ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡು ನೆರೆಯವನ ಬಾಗಿಲನ್ನು ತಟ್ಟುವುದು ಶೋಭಿಸದು.