ಹತ್ತು ಗಾಡಿಯವನಿಗೊಂದು ನ್ಯಾಯ, ಒಂದು ಗಾಡಿಯವನಿಗೊಂದು

ಹಳೆಯ ಮೋಟಾರು ಗಾಡಿಯ ಎಂಜಿನ್ನು ಬದಲಾಯಿಸುವುದು ಒಂದು ರಾಜಕೀಯ ಪ್ರಶ್ನೆಯೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಖಂಡಿತವಾಗಿಯೂ ಹೌದು. ಸಾಲ ಮಾಡಿ ಒಂದೇ ಒಂದು ಗಾಡಿ ಕೊಂಡು, ತಾನೇ ಓಡಿಸಿ, ಅದರ ಬಾಡಿಗೆಯಿಂದ ಮನೆಯ ಒಲೆ ಹೊತ್ತಿಸುವ ಚಾಲಕನಿಗೆ ಎಂಜಿನ್ನೆಂದರೆ ರೈತನಿಗೆ ಎತ್ತಿದ್ದಂತೆ. ಎತ್ತು ಸತ್ತರೆ ರೈತ ಹೇಗೋ ಹಣ ಹೊಂದಿಸಿ ಇನ್ನೊಂದನ್ನು ತಂದು ಕಟ್ಟುತ್ತಾನೆ, ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಎಂಜಿನ್ನು ಸತ್ತರೆ ಮಾತು ಬೇರೆ. ಹಣ ಹೊಂದಿದ ಮೇಲೆ ಕಾನೂನು ಎದುರು ಬಂದು ನಿಲ್ಲುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, 2000ದ ತಿದ್ದುಪಡಿಯಾದ ಮೇಲೆ, ಹೇಳುವುದು ಇಷ್ಟು: ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಯಾವ ಮಾಲೀಕನೂ ಗಾಡಿಯನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯಿದೆ ದಂಡನೆಯನ್ನೂ ಹೊಸದಾಗಿ ಸೇರಿಸಿತು. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ಜುಲ್ಮಾನೆ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ.

ತಪಾಸಣೆಯೇ ಬೇಡವೆನ್ನುವವರು ನಾವಲ್ಲ. ಪೆಟ್ರೋಲಿನ ಹಗುರ ಎಂಜಿನ್ನಿಗಾಗಿ ಮಾಡಿದ ಜೀಪಿನೊಳಗೆ ಭಾರದ ಡೀಸೆಲ್ ಎಂಜಿನ್ನನ್ನು ತುರುಕಿದರೆ ಮುಂದಿನ ಆಕ್ಸಲ್ಲು, ಸ್ಪ್ರಿಂಗು, ಬ್ರೇಕುಗಳ ಮೇಲೆ ಬೀಳುವ ಹೊರೆಯೇ ಬೇರೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ ಸಾಯುವವರು ಮಂತ್ರಿಗಳಲ್ಲ, ಹಿಂದಿನ ಸೀಟಿನ ಕೂಲಿ ಜನ. ಕದ್ದ ಗಾಡಿಯ ಜಾಡು ಹಿಡಿಯಲು ಎಂಜಿನ್ನಿನ ನಂಬರು ಬೇಕು. ಹೊಗೆ ಕುಡಿಯುವವನೂ ರಸ್ತೆ ಬದಿಯ ಬಡವನೇ. ಆದುದರಿಂದ ಪ್ರಮಾಣಪತ್ರ ಬೇಕು. ಅದನ್ನು ಪಡೆಯುವ ದಾರಿ ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದಷ್ಟೇ ನಮ್ಮ ತಕರಾರು.

ಅದೇ 52ನೆಯ ಕಲಮಿನ ಎರಡನೆಯ ಉಪಕಲಮನ್ನು ಓದಿ ನೋಡಿ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳಿರುವ ಮಾಲೀಕನು ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನು ನೋಂದಣಾಧಿಕಾರಿಯ ಒಪ್ಪಿಗೆಯಿಲ್ಲದೆಯೇ ಹಾಕಿಕೊಳ್ಳಲು ರಾಜ್ಯ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿ ಅವಕಾಶ ಕೊಡಬಹುದು. ಹಾಕಿಕೊಂಡ ಮೇಲೆ 14 ದಿನಗಳೊಳಗೆ ತಿಳಿಸಿದರೆ ಸಾಕು. ದೊಡ್ಡ ಮಾಲೀಕರಿಗೆ ಸ್ವಂತ ವರ್ಕ್‌ಷಾಪು, ನುರಿತ ಕೆಲಸಗಾರರು ಇರುತ್ತಾರೆಂದು ಇದನ್ನು ಸಮರ್ಥಿಸಬಹುದು. ಆದರೆ ಕಾಯಿದೆಯ ಮಾತಿನಲ್ಲಿ ವರ್ಕ್‌ಷಾಪಿನ ಸುದ್ದಿಯೇ ಇಲ್ಲ, ಗಾಡಿಗಳ ಲೆಕ್ಕ ಮಾತ್ರ ಇದೆ. ಅದೇ ಎಂಜಿನ್ನು, ಅದೇ ಗಾಡಿ, ಅದೇ ಮೇಸ್ತ್ರಿ. ಹತ್ತು ಗಾಡಿಯ ಧಣಿಗೆ ಸಿಗಬಹುದಾದ ನಂಬಿಕೆ ಒಂದು ಗಾಡಿಯ ಚಾಲಕನಿಗೆ ಸಿಗದು. ಅತ್ತೆಗೊಂದು ನ್ಯಾಯ, ಸೊಸೆಗೊಂದು ನ್ಯಾಯ.

ಇನ್ನು ‘ಅದೇ ತಯಾರಿಕೆಯ’ ಎಂಜಿನ್ನು ಎಲ್ಲಿ ಸಿಗಬೇಕು? ಅಂಬಾಸಿಡರ್ ಕಾರು ತಯಾರಾಗುತ್ತಿದ್ದ ಉತ್ತರಪಾರಾ ಕಾರ್ಖಾನೆಯ ಕೆಲಸ 2014ರ ಮೇ ತಿಂಗಳಲ್ಲಿ ನಿಂತುಹೋಯಿತು, ಅಲ್ಲಿನ ಕಾರ್ಮಿಕರು ಬೀದಿಗೆ ಬಿದ್ದರು. ಆ ಕಾರನ್ನು ನೆಚ್ಚಿದ ಟ್ಯಾಕ್ಸಿಯವನಿಗೆ ಉಳಿದದ್ದು ಗುಜರಿ ಅಂಗಡಿ. ಗುಜರಿಯ ಎಂಜಿನ್ನಿಗೆ ನೆಟ್ಟಗಿನ ರಸೀದಿ ಹುಟ್ಟುವುದು ಕಷ್ಟ. ರಸೀದಿ ಇಲ್ಲದಿದ್ದರೆ ಆರ್.ಸಿ.ಯಲ್ಲಿ ನಂಬರು ಏರುವುದಿಲ್ಲ. ಅದು ಏರದಿದ್ದರೆ ಬ್ರೇಕ್ ಇನ್ಸ್‌ಪೆಕ್ಟರು ಎಫ್.ಸಿ. ಕೊಡುವುದಿಲ್ಲ, ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಪ್ರಾಮಾಣಿಕನನ್ನು ದಲ್ಲಾಳಿಯ ಕೈಗೆ ಒಪ್ಪಿಸುವ ಸರಪಣಿ ಹೀಗೆ ತಯಾರಾಗುತ್ತದೆ.

ಬೇರೆ ಇಂಧನಕ್ಕೆ ಬದಲಾಯಿಸುವವರಿಗೆ ಕಾಯಿದೆ ಒಂದು ಬಾಗಿಲನ್ನೇನೋ ಇಟ್ಟಿದೆ. ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿ, ಯಾವುದಾದರೂ ಸರಿ, ಮಂಜೂರಾದ ಕಿಟ್ಟನ್ನು ಹಾಕಿಸಬಹುದು. ಆದರೆ ಪುಣೆ, ಮಾನೇಸರ್ ಮುಂತಾದೆಡೆಗಳ ಸಂಸ್ಥೆಗಳು ಪರೀಕ್ಷಿಸಿ ಮಂಜೂರು ಮಾಡುವುದು ಕಂಪನಿಯು ಒಪ್ಪಿಸಿದ ಮಾದರಿಯನ್ನು. ಕಿಟ್ಟು ಮಾರುವವನಿಗೆ ಆ ಖರ್ಚು ಸಾವಿರಾರು ಗಿರಾಕಿಗಳಲ್ಲಿ ಹಂಚಿಹೋಗುತ್ತದೆ. ಒಂದು ಜೀಪನ್ನು ಚೊಕ್ಕವಾಗಿ ಕಟ್ಟಿದ ಊರ ಮೇಸ್ತ್ರಿ ಅಲ್ಲಿಗೆ ಹೋಗಿ ಏನು ಮಾಡಬೇಕು? ಮಾನದಂಡದ ಪುಸ್ತಕಗಳಿರುವುದೂ ಇಂಗ್ಲಿಷಿನಲ್ಲಿ. ಸ್ಪ್ಯಾನರು ಹಿಡಿದ ಕೈಗೆ ಅರ್ಥವಾಗದ ಭಾಷೆಯಲ್ಲಿ ಸ್ಪ್ಯಾನರಿನ ನಿಯಮ!

ಶುಲ್ಕದ ವಿಷಯದಲ್ಲಿ ಮಾತ್ರ ಸರ್ಕಾರಕ್ಕೆ ಸಂಕೋಚವಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಎಂದು ಗೊತ್ತುಮಾಡಿದರು. ಐವತ್ತು ವರ್ಷ ಮೀರಿದ, ಮೂಲ ರೂಪ ಕೆಡದ ಕಾರುಗಳಿಗೆಂದು 2021ರಲ್ಲಿ ಬೇರೆಯೇ ನಿಯಮ, ಬೇರೆಯೇ ನಂಬರಿನ ಸಾಲು ಬಂದವು. ಅವು ಮೆರವಣಿಗೆಯ ಕಾರುಗಳು, ಬಾಡಿಗೆಗೆ ಓಡಿಸುವಂತಿಲ್ಲ. ಶ್ರೀಮಂತರ ಹವ್ಯಾಸಕ್ಕೆ ಪ್ರತ್ಯೇಕ ಅಧ್ಯಾಯ ಬರೆಯಲು ಸರ್ಕಾರಕ್ಕೆ ಪುರುಸೊತ್ತಿತ್ತು.

ಅಮೆರಿಕ ನಮಗೆ ಗುರುವಲ್ಲ. ಆದರೂ ಅಲ್ಲಿನ ಕ್ಯಾಲಿಫೋರ್ನಿಯ ರಾಜ್ಯದ ಒಂದು ಪದ್ಧತಿಯನ್ನು ಹೇಳಲೇಬೇಕು. ಹೊಗೆ ತಪಾಸಣೆಗೆ ಒಳಪಟ್ಟ ಕಾರಿಗೆ ಬದಲಿ ಎಂಜಿನ್ನು ಹಾಕುವುದಾದರೆ ಅದು ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಆ ಎಂಜಿನ್ನಿಗೆ ಸೇರಿದ ಹೊಗೆ ತಡೆಯುವ ಉಪಕರಣಗಳೆಲ್ಲ ಇರಬೇಕು. ನಿಯಮ ಕಠಿಣವೇ. ಆದರೆ ತಪಾಸಣೆಗಾರನು ನೋಡುವುದು ನಿಮ್ಮ ಒಂದು ಕಾರನ್ನು. ಸರಿಯಿದ್ದರೆ ಬಾಗಿಲಿನ ಕಂಬಕ್ಕೆ ಚೀಟಿ ಅಂಟಿಸಿ ಕಳಿಸುತ್ತಾನೆ. ಈ ತಪಾಸಣೆ ಕೇಂದ್ರಗಳು ನಡೆಯುವುದು ಹೆಚ್ಚಾಗಿ ಸಮುದಾಯ ಕಾಲೇಜುಗಳ ಆವರಣದಲ್ಲಿ, ದುಡಿಯುವವರ ಮಕ್ಕಳು ಕಸುಬು ಕಲಿಯುವ ಕಡೆ.

ನಮ್ಮಲ್ಲಿ ಸರ್ಕಾರಿ ಐ.ಟಿ.ಐ.ಗಳಿವೆ, ಪಾಲಿಟೆಕ್ನಿಕ್ಕುಗಳಿವೆ, ಮೋಟಾರು ಮೆಕ್ಯಾನಿಕ್ ಕಲಿಸುವ ಬೋಧಕರಿದ್ದಾರೆ. ಜಿಲ್ಲೆಗೊಂದು ಕಡೆ ವಾರಕ್ಕೊಂದು ದಿನ ಇವರೂ ಬ್ರೇಕ್ ಇನ್ಸ್‌ಪೆಕ್ಟರೂ ಕೂಡಿ ಕುಳಿತು, ತಂದ ಗಾಡಿಯ ಬ್ರೇಕು, ಎಂಜಿನ್ನಿನ ಆಸರೆ, ಹೊಗೆ, ನಂಬರು ಇಷ್ಟನ್ನು ನೋಡಿ, ಗೊತ್ತಾದ ಶುಲ್ಕಕ್ಕೆ, ಹದಿನೈದು ದಿನಗಳೊಳಗೆ, ಕನ್ನಡದಲ್ಲಿ ಹೌದು ಅಥವಾ ಇಲ್ಲವೆಂದು ಬರೆದುಕೊಡಲಿ. ಇಲ್ಲವೆಂದರೆ ಏಕೆಂಬುದನ್ನೂ ಬರೆಯಲಿ. ಗುಜರಿಯ ಎಂಜಿನ್ನಿನ ನಂಬರನ್ನು ಪೊಲೀಸರ ಕಳವಿನ ಪಟ್ಟಿಯೊಡನೆ ಅಲ್ಲಿಯೇ ತಾಳೆ ನೋಡಲಿ. ಇದಕ್ಕೆ ಕಾಯಿದೆಯ ಬಲ ಕೊಡಬೇಕಾದದ್ದು ಪಾರ್ಲಿಮೆಂಟು. 52ನೆಯ ಕಲಮಿನ ‘ಹತ್ತು’ ಎಂಬ ಅಂಕಿಯನ್ನು ತೆಗೆಯಬೇಕಾದದ್ದೂ ಅದೇ. ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತುವಿರಾ ಎಂದು ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರನ್ನು ಟ್ಯಾಕ್ಸಿ ಸ್ಟ್ಯಾಂಡಿನ ಬಂಧುಗಳು ಲಿಖಿತವಾಗಿ ಕೇಳಲಿ. ಉತ್ತರ ಬಂದರೆ ಪ್ರಕಟಿಸುತ್ತೇವೆ, ಬಾರದಿದ್ದರೆ ಅದನ್ನೂ ಪ್ರಕಟಿಸುತ್ತೇವೆ.