ಕಥೆ ಹೇಳುವ ಮೊದಲು ಕಾಗದ

ಆ ನಿರ್ದೇಶಕರು ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ. ಉಪ್ಪಿಟ್ಟು ತಿಂದು, ಎರಡು ಲೋಟ ಕಾಫಿ ಕುಡಿದು, ನಾನು ಹೇಳಿದ ಕಥೆಯನ್ನು ಕಣ್ಣರಳಿಸಿ ಕೇಳಿದರು. ಮಗ ಎಲ್ಲಿ ಮಾರಿಬಿಡುತ್ತಾನೋ ಎಂದು ಮನೆಯ ಪತ್ರವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವ ವಿಧವೆಯ ಕಥೆ ಅದು. "ಕಥೆ ನಿಮ್ಮದಮ್ಮಾ. ಚಿತ್ರಕಥೆ ನಾವು ನೋಡ್ಕೋತೀವಿ, ಅದು ನಿಮಗ್ಯಾಕೆ?" ಎಂದರು. ಮನೆಗೆ ಬಂದವರ ಹತ್ತಿರ ದುಡ್ಡಿನ ಮಾತು ಎತ್ತುವುದು ಹೇಗೆಂದು ನಾನೂ ಸುಮ್ಮನಿದ್ದೆ.

ಎರಡು ವರ್ಷದ ಮೇಲೆ ತಂಗಿಯೊಡನೆ ಟಾಕೀಸಿನಲ್ಲಿ ಕೂತಿದ್ದಾಗ ಪರದೆಯ ಮೇಲೆ ಅದೇ ಅಕ್ಕಿ ಡಬ್ಬ ಬಂತು. ನನ್ನ ಹೆಸರು ಬರಲಿಲ್ಲ. ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಬರೆದದ್ದು ಏನಾದರೂ ಇದೆಯಾ?" ಇರಲಿಲ್ಲ. ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಬರೆದ ರೂಪಕ್ಕೆ ಉಂಟು.

ಆ ಸಿಟ್ಟಿನಲ್ಲೇ ಚಿತ್ರಕಥೆ ಕಲಿಯಲು ಕೂತೆ. "ಸಾವಿತ್ರಮ್ಮನಿಗೆ ಮಗನ ಮೇಲೆ ಅನುಮಾನ ಮೂಡಿತು" ಎಂದು ಬರೆದೆ. ಅನುಮಾನವನ್ನು ಕ್ಯಾಮೆರಾ ಹೇಗೆ ಹಿಡಿಯಬೇಕು? ಹೊಡೆದುಹಾಕಿ ಮತ್ತೆ ಬರೆದೆ: "ಅಡುಗೆಮನೆ, ರಾತ್ರಿ. ಹೊರಗೆ ಬೈಕಿನ ಸದ್ದು. ಸಾವಿತ್ರಮ್ಮ ಡಬ್ಬವನ್ನು ಮೂಲೆಗೆ ತಳ್ಳಿ, ಅದಕ್ಕೆ ಅಡ್ಡವಾಗಿ ಕೂತು ಅಕ್ಕಿ ಆರಿಸತೊಡಗುತ್ತಾಳೆ." ಕಾಣುವುದನ್ನೂ ಕೇಳಿಸುವುದನ್ನೂ ಬರೆಯಬೇಕು, ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ. ಅವರು ನಮ್ಮನ್ನು ಹೆದರಿಸುತ್ತಿದ್ದ ವಿದ್ಯೆಯ ಮೊದಲ ಪಾಠ ಇಷ್ಟೇ. ಅತ್ತೆಯ ಮುಖ ನೋಡದೆ, ಪಾತ್ರೆ ಇಡುವ ಸದ್ದಿನಿಂದಲೇ ಅವರ ಮನಸ್ಸು ಅಳೆದ ನಮಗೆ ಇದು ಬಾರದ ವಿದ್ಯೆಯೇ?

"ಹೆಂಗಸರಿಗೆ ಭಾವನೆ ಗೊತ್ತು, ಸಿನಿಮಾ ಗೊತ್ತಿಲ್ಲ" ಎನ್ನುವವರಿದ್ದಾರೆ. ಕನ್ನಡ ಸಿನಿಮಾ ತನ್ನ ಒಳ್ಳೆಯ ದಿನಗಳಲ್ಲಿ ನಿಂತಿದ್ದು ಯಾರ ಕಥೆಯ ಮೇಲೆ? ೧೯೬೭ರ 'ಬೆಳ್ಳಿಮೋಡ', ೧೯೭೧ರ 'ಶರಪಂಜರ' ತ್ರಿವೇಣಿಯವರವು. ೧೯೬೯ರ 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. ಮೂರನ್ನೂ ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್. ಅವರ ಪ್ರತಿಭೆಗೆ ಕೈ ಮುಗಿಯುತ್ತೇನೆ. ಆದರೆ ಇಂದಿರಾ ಅವರದೇ 'ಫಣಿಯಮ್ಮ'ನನ್ನು ೧೯೮೩ರಲ್ಲಿ ತೆರೆಗೆ ತಂದವರು ಪ್ರೇಮಾ ಕಾರಂತ ಎಂಬುದನ್ನೂ ಮರೆಯಬಾರದು. ಬೀಜ ನಮ್ಮದು, ಹೊಲ ಉಳುವುದು ಮಾತ್ರ ಅವರದು ಎನ್ನುವ ಮಾತು ಅಂದೇ ಸುಳ್ಳಾಗಿತ್ತು.

ತಪ್ಪು ಅವರದೊಂದೇ ಅಲ್ಲ. "ಹೆಸರು ಬಂದರೆ ಸಾಕು" ಎನ್ನುವ ನಮ್ಮ ಸಂಕೋಚವೂ ಅದರಲ್ಲಿ ಪಾಲುದಾರ. ಹಾಲಿನವನ ಲೆಕ್ಕದಲ್ಲಿ ಅರ್ಧ ಲೀಟರು ಹೆಚ್ಚಿದ್ದರೆ ಬಿಡದ ನಾವು, ವರ್ಷಗಟ್ಟಲೆ ಹೊತ್ತ ಕಥೆಯನ್ನು ಎರಡು ಲೋಟ ಕಾಫಿಯ ಜೊತೆ ಕೊಟ್ಟುಬಿಡುತ್ತೇವೆ. ಕಾನೂನಿಗೆ ಇಷ್ಟು ಸಂಕೋಚವಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ೨೦೧೨ರ ತಿದ್ದುಪಡಿಯಂತೆ, ಸಿನಿಮಾಕ್ಕಾಗಿ ಹಕ್ಕು ಬರೆದುಕೊಟ್ಟ ಮೇಲೂ, ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಬರೆದವರಿಗೆ ಸಮಪಾಲು ಕೇಳುವ ಹಕ್ಕಿದೆ. ಕೇಳಿದರೆ ತಾನೇ ಸಿಗುವುದು?

ಈಗ ನಾನು ಬರೆದದ್ದಕ್ಕೆಲ್ಲ ತಾರೀಖು ಹಾಕಿಡುತ್ತೇನೆ. ಕಳೆದ ತಿಂಗಳು ಇನ್ನೊಬ್ಬರು ಕಥೆ ಕೇಳಲು ಬಂದರು. ಕಾಫಿ ಕೊಟ್ಟೆ. ಕರಾರಿನ ಕರಡನ್ನೂ ಪಕ್ಕದಲ್ಲಿಟ್ಟೆ. ಓದಿ ನೋಡಿ, ಮತ್ತೆ ಬರುತ್ತೇನೆಂದು ಹೋದವರು ಬಂದಿಲ್ಲ. ಹೋಗಲಿ. ಕಥೆಯಂತೂ ನನ್ನ ಹತ್ತಿರವೇ ಇದೆ.