ಯೋಸೇಫನನ್ನು ಮತ್ತೆ ಮಾರುವ ಮಾತು

ದೇವರ ಸೇವಕನಿಗೆ ಅರಮನೆ ಏಕೆ? ಅವನು ಉಣ್ಣುವ ಕೋಣೆಯ ಗೋಡೆಗೆ ಲಕ್ಷಾಂತರ ಪೌಂಡು ಬೆಲೆಯ ಚಿತ್ರಗಳೇಕೆ? ಮಾರಿ, ಬಂದ ಹಣವನ್ನು ಚರ್ಚಿನ ಕೆಲಸಕ್ಕೆ ಹಾಕಬಾರದೆ? ಕೇಳುವುದಕ್ಕೆ ಬಹಳ ನ್ಯಾಯವಾದ ಮಾತು. ಅದಕ್ಕೇ ಅದನ್ನು ಯಾರೂ ಎರಡನೆಯ ಸಲ ಯೋಚಿಸಿ ನೋಡುವುದಿಲ್ಲ.

ಉತ್ತರ ಇಂಗ್ಲೆಂಡಿನ ಬಿಷಪ್ ಆಕ್ಲೆಂಡ್ ಪಟ್ಟಣದಲ್ಲಿರುವ ಆಕ್ಲೆಂಡ್ ಕ್ಯಾಸಲ್ ವಿಷಯದಲ್ಲಿ ಈ ಮಾತು ಎದ್ದಿತ್ತು. ಇದು ಶತಮಾನಗಳ ಕಾಲ ಡರಹಂ ಬಿಷಪ್ಪರ ಅರಮನೆ. ಈ ಬಿಷಪ್ಪರು ಬರಿಯ ಗುರುಗಳಲ್ಲ, ತಮ್ಮ ಸೀಮೆಯಲ್ಲಿ ಅರಸರೂ ಹೌದು. ಆ ಅಧಿಕಾರದ ಕೊನೆಯ ಎಳೆ ಕಡಿದದ್ದು 1836ರಲ್ಲಿ. ಬಿಷಪ್ಪರೇ ಬೇಡವೆಂದ ಕ್ರಾಮ್‌ವೆಲ್ಲನ ಕಾಲದಲ್ಲಿ ಅರಮನೆ ಹೇಸಲ್‌ರಿಗ್ ಎಂಬಾತನ ವಶವಾಯಿತು. ಅವನು ಹಳೆಯ ಪ್ರಾರ್ಥನಾಮಂದಿರವನ್ನು ಕೆಡವಿಬಿಟ್ಟ. ರಾಜನೂ ಬಿಷಪ್ಪನೂ ಮರಳಿದಾಗ ಜಾನ್ ಕೋಸಿನ್ ಏನು ಮಾಡಿದ ಗೊತ್ತೆ? ಔತಣದ ಹಜಾರವನ್ನೇ ಪ್ರಾರ್ಥನಾಮಂದಿರ ಮಾಡಿದ. 1665ರಲ್ಲಿ ಅದರ ಪ್ರತಿಷ್ಠೆಯಾಯಿತು. ಊಟದ ಮನೆ ಗುಡಿಯಾದ ಈ ಒಂದು ಕಟ್ಟಡದಲ್ಲಿ ಆ ದೇಶದ ಅಂತರ್ಯುದ್ಧದ ಕಥೆಯೇ ಇದೆ.

ಆದರೆ ನನ್ನ ಜಗಳವಿರುವುದು ಇನ್ನೊಂದು ಊಟದ ಕೋಣೆಯ ಬಗ್ಗೆ. ಸ್ಪೇನಿನ ಥುರ್ಬರಾನ್ 1640ರ ದಶಕದಲ್ಲಿ ಯಾಕೋಬನನ್ನೂ ಅವನ ಹನ್ನೆರಡು ಮಕ್ಕಳನ್ನೂ ಆಳೆತ್ತರದಲ್ಲಿ ಬರೆದ. 1756ರಲ್ಲಿ ಬಿಷಪ್ ರಿಚರ್ಡ್ ಟ್ರೆವರ್ ಅವುಗಳಲ್ಲಿ ಹನ್ನೆರಡನ್ನು 124 ಪೌಂಡಿಗೆ ಕೊಂಡ. ಹದಿಮೂರನೆಯದು, ಕಿರಿಯ ಮಗ ಬೆನ್ಯಾಮೀನನದು, ಬೇರೆಯವರ ಪಾಲಾಯಿತು. ಟ್ರೆವರ್ ಸುಮ್ಮನಾಗಲಿಲ್ಲ. ಆರ್ಥರ್ ಪಾಂಡ್ ಎಂಬ ಚಿತ್ರಕಾರನಿಂದ ಅದರ ನಕಲು ಬರೆಯಿಸಿ, ಊಟದ ಕೋಣೆಯನ್ನೇ ಈ ಸಂಸಾರಕ್ಕಾಗಿ ತಿದ್ದಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

ಕಾಲ ಯಾವುದು ನೋಡಿ. ಯೆಹೂದ್ಯರಿಗೆ ಪೌರತ್ವದ ದಾರಿ ತೆರೆಯುವ ಕಾನೂನು 1753ರಲ್ಲಿ ಬಂದು, ಜನರ ಗದ್ದಲಕ್ಕೆ ಹೆದರಿ ಕೆಲವೇ ತಿಂಗಳಲ್ಲಿ ರದ್ದಾಗಿತ್ತು. ಟ್ರೆವರ್ ಆ ಕಾನೂನಿನ ಪರವಾಗಿದ್ದವನು. ಅವನ ಮನೆಗೆ ಉಣ್ಣಲು ಬಂದ ದೊಡ್ಡ ಮನುಷ್ಯರು ಇಸ್ರಾಯೇಲಿನ ಮೂಲಪುರುಷರ ಕಣ್ಣೆದುರಿಗೆ ಕುಳಿತು ಉಣ್ಣಬೇಕಾಯಿತು. ಇದನ್ನು ಬರಿಯ ಶೃಂಗಾರವೆಂದು ನಾನು ಒಪ್ಪಲಾರೆ. ಅದು ವಾದ, ಮೇಜು, ಕುರ್ಚಿ, ಗೋಡೆ, ಕಿಟಕಿಯ ಬೆಳಕು ಎಲ್ಲವೂ ಸೇರಿ ಆಡುವ ವಾದ. ಚಿತ್ರಗಳನ್ನು ಕಳಚಿದರೆ ಕೋಣೆ ಮೂಕ. ಕೋಣೆಯಿಂದ ಹೊರಟ ಚಿತ್ರಗಳಿಗೂ ಅರ್ಧ ಮಾತೇ ಉಳಿಯುವುದು.

ಮಾರಾಟವೆನ್ನುವವರಿಗೆ ನನ್ನದೊಂದು ಪ್ರಶ್ನೆ: ಆ ನಕಲು ಬೆನ್ಯಾಮೀನನಿಗೆ ಎಷ್ಟು ಬೆಲೆ ಕಟ್ಟುತ್ತೀರಿ? ಹರಾಜಿನಲ್ಲಿ ಅವನು ಥುರ್ಬರಾನನ ಕೈಬರಹವಲ್ಲ, ಪಕ್ಕಕ್ಕಿಡಬೇಕಾದ ಸರಕು. ಆ ಕೋಣೆಯಲ್ಲಾದರೋ ಅವನಿಲ್ಲದೆ ಸಂಸಾರವೇ ಪೂರ್ತಿಯಲ್ಲ. ಕೋಣೆಯ ಲೆಕ್ಕವೂ ಪೇಟೆಯ ಲೆಕ್ಕವೂ ಒಂದಲ್ಲವೆನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಚರ್ಚಿನ ಆಸ್ತಿ ನೋಡಿಕೊಳ್ಳುವ ಕಮಿಷನರರು 2001ರಲ್ಲಿ ಒಮ್ಮೆ ಈ ಮಾರಾಟದ ಮಾತೆತ್ತಿ ಬಿಟ್ಟರು; 2010ರಲ್ಲಿ ಮತ್ತೆ ಎತ್ತಿದರು. ಅಣ್ಣಂದಿರು ಯೋಸೇಫನನ್ನು ಬೆಳ್ಳಿಗೆ ಮಾರಿದ ಕಥೆಯನ್ನು ಬಲ್ಲವರೇ ಅವನನ್ನು ಇನ್ನೊಮ್ಮೆ ಮಾರಹೊರಟಿದ್ದರು. ಈ ಬಾರಿ ಅಣ್ಣಂದಿರನ್ನೂ ಸೇರಿಸಿ! ಬಡವರ ಹೆಸರೆತ್ತುವವರು ಆ ಊರನ್ನೂ ಸ್ವಲ್ಪ ನೋಡಬೇಕು. ಸುತ್ತಲಿನ ಕಲ್ಲಿದ್ದಲ ಗಣಿಗಳು ಮುಚ್ಚಿ ದುಡಿಮೆ ಕಳೆದುಕೊಂಡ ಸೀಮೆ ಅದು. ಜಗತ್ತು ಬಂದು ನೋಡುವಂಥ ವಸ್ತು ಅಲ್ಲಿ ಎಷ್ಟಿದೆ? ಇರುವುದನ್ನೂ ಹೊತ್ತೊಯ್ದು ಅದನ್ನು ಬಡವರ ಸೇವೆ ಎನ್ನುವುದು ನನಗೆ ಅರ್ಥವಾಗದ ಧರ್ಮ.

ಕೊನೆಗೆ ಜೋನಾಥನ್ ರಫರ್ ಎಂಬ ಹಣವಂತರು 1.5 ಕೋಟಿ ಪೌಂಡು ಕೊಟ್ಟು ಚಿತ್ರಗಳನ್ನು ಅಲ್ಲಿಯೇ ಉಳಿಸಿದರು. ಅರಮನೆಯೂ ಟ್ರಸ್ಟಿನ ಕೈಗೆ ಬಂತು. ಸಂತೋಷವೇ. ಆದರೆ ಒಬ್ಬ ಧನಿಕನ ಮನಸ್ಸು ಕರಗದಿದ್ದರೆ ಗತಿಯೇನಿತ್ತು? ಇನ್ನೂರೈವತ್ತು ವರ್ಷ ಒಂದು ಗೋಡೆಗೆ ಹೊಂದಿಕೊಂಡ ಕೃತಿಯನ್ನು ಆ ಗೋಡೆಯ ಭಾಗವೆಂದೇ ಕಾನೂನು ಎಣಿಸಬೇಕೆಂದು ನನ್ನ ಹಟ.

ಹಾಗಾದರೆ ಲೋಕದ ಉಳಿದವರು ನೋಡುವುದು ಬೇಡವೆ, ಎಂದು ಯಾರಾದರೂ ಕೇಳಿಯಾರು. ನೋಡಲಿ. ಅರಮನೆಯ ದುರಸ್ತಿ ನಡೆದಿದ್ದಾಗ ಯಾಕೋಬನ ಸಂಸಾರ ಡಲ್ಲಾಸ್, ನ್ಯೂಯಾರ್ಕ್, ಜೆರೂಸಲೇಮುಗಳನ್ನು ಸುತ್ತಿ ಬಂತು. 2019ರಲ್ಲಿ ಬಾಗಿಲು ಮತ್ತೆ ತೆರೆದಾಗ ಅಪ್ಪ, ಮಕ್ಕಳು, ನಕಲು ಬೆನ್ಯಾಮೀನ, ಎಲ್ಲರೂ ತಮ್ಮ ಊಟದ ಕೋಣೆಯಲ್ಲೇ ಇದ್ದರು.